ಗಿಡದ ನೆಪದಲ್ಲಿ ಕೂಡುವ ಜನ: ಐನ್ಯಾಚುರಲಿಸ್ಟ್ ಆ್ಯಪ್ ಬಳಸಿ ಕಂಡದ್ದು

ಮಲೆನಾಡಿನ ನಮ್ಮ ಭಾಗದಲ್ಲಿ ಡೇರೆ ಗಿಡಗಳನ್ನು ಬಣ್ಣದಿಂದ ಗುರುತಿಸುವುದಕ್ಕಿಂತ ಕೊಟ್ಟವರ ಹೆಸರಿನಿಂದ ಗುರುತಿಸುವುದೇ ಹೆಚ್ಚು. ‘ಇದು ಹೊಸನಗರದ ಅತ್ತಿಗೆಯ ಕೆಂಪು’, ‘ಅದು ತಾಳಗುಪ್ಪದ ಚಿಕ್ಕಮ್ಮ ಕಳಿಸಿದ ಎರಡು ಬಣ್ಣದ್ದು’ ಎಂದು ನನ್ನ ಅಕ್ಕ ಅಂಗಳದ ಅಂಚಿನಲ್ಲಿ ನಿಂತು ಹೇಳುತ್ತಾ ಹೋದರೆ ಕೇಳುವವರಿಗೆ ಹೂವಿನ ಪಟ್ಟಿಯೂ ನೆಂಟರ ಪಟ್ಟಿಯೂ ಒಟ್ಟಿಗೇ ಸಿಗುತ್ತವೆ. ಮೆಕ್ಸಿಕೋ ಮೂಲದ ಡೇಲಿಯಾ ಇಲ್ಲಿ ಡೇರೆಯಾಗಿ, ಮಳೆಗಾಲದ ಅಂಗಳದ ಹೆಮ್ಮೆಯಾಗಿ ನೆಲೆಸುವುದಕ್ಕೆ ನರ್ಸರಿಗಳಿಗಿಂತ ಹೆಚ್ಚಾಗಿ ಒಬ್ಬರ ಸೆರಗಿನಿಂದ ಇನ್ನೊಬ್ಬರ ಚೀಲಕ್ಕೆ ದಾಟಿದ ಗಡ್ಡೆಗಳೇ ಕಾರಣ ಎಂಬುದು ನನ್ನ ನಂಬಿಕೆ. ಗಿಡ ಬೆಳೆಸುವವರನ್ನು ಒಬ್ಬರಿಗೊಬ್ಬರು ಜೋಡಿಸುವ ವ್ಯವಸ್ಥೆ ನಮ್ಮಲ್ಲಿ ಮೊಬೈಲ್ ಬರುವ ಮೊದಲೇ ಇತ್ತು, ಮತ್ತು ಅದು ಚೆನ್ನಾಗಿಯೇ ನಡೆಯುತ್ತಿತ್ತು.

ಎರಡು ವರ್ಷಗಳ ಹಿಂದೆ ಕೆಲವು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಗಿಡಪ್ರಿಯರಿಗಾಗಿ ಒಂದು ಆ್ಯಪ್ ರೂಪಿಸುವ ಯೋಜನೆ ಹಿಡಿದು, ಸಸ್ಯಶಾಸ್ತ್ರ ಪಾಠ ಮಾಡಿ ನಿವೃತ್ತಿಯಾದ ನನ್ನ ಬಳಿ ಸಲಹೆಗೆ ಬಂದರು. ಅವರು ತಂದಿದ್ದ ನಕ್ಷೆಯಲ್ಲಿ ಎಲ್ಲವೂ ಇತ್ತು: ಚಿತ್ರ ಹಾಕುವ ಪುಟ, ಮೆಚ್ಚುಗೆಯ ಗುಂಡಿ, ಹಿಂಬಾಲಕರ ಸಂಖ್ಯೆ, ನೀರು ಹಾಕಲು ನೆನಪಿಸುವ ಗಂಟೆ, ಮಾರಾಟದ ಅಂಗಡಿ. ಇಬ್ಬರು ಅಪರಿಚಿತರು ಒಂದು ಗಿಡದ ವಿಷಯವಾಗಿ ಮಾತಿಗೆ ಕೂರುವ ಕಾರಣವೊಂದು ಮಾತ್ರ ಅದರಲ್ಲಿ ಕಾಣಲಿಲ್ಲ. ಆಗ ನಾನು ಅವರಿಗೆ ಹೇಳಿದ್ದು, ನಕ್ಷೆಯನ್ನು ಸದ್ಯ ಬದಿಗಿಟ್ಟು, ಕಂಡ ಗಿಡ ಅಥವಾ ಜೀವಿಯ ಚಿತ್ರ ಹಾಕಿ ಅದೇನೆಂದು ಇತರರಿಂದ ತಿಳಿದುಕೊಳ್ಳುವ ಐನ್ಯಾಚುರಲಿಸ್ಟ್ ಎಂಬ ಆ್ಯಪನ್ನು ಒಂದು ಮಳೆಗಾಲ ಪೂರ್ತಿ ಬಳಸಿ ಬನ್ನಿ ಎಂದು. ಅವರೊಂದಿಗೆ ನಾನೂ ಅದನ್ನು ಹೊಸ ಕಣ್ಣಿನಿಂದ ಬಳಸಿದೆ. ಮುಂದೆ ಬರೆದಿರುವುದು ಆ ಬಳಕೆಯಿಂದ ಹುಟ್ಟಿದ ವಿಮರ್ಶೆ. ಗಿಡಗಳ ಸುತ್ತ ಜನರನ್ನು ಸೇರಿಸುವ ಆ್ಯಪ್ ಹೇಗಿರಬೇಕು ಎಂಬ ಪ್ರಶ್ನೆಯನ್ನು ಜೊತೆಗಿಟ್ಟುಕೊಂಡೇ ಇದನ್ನು ಬರೆದಿದ್ದೇನೆ.

ಐನ್ಯಾಚುರಲಿಸ್ಟ್ ಕೂಡ ಹುಟ್ಟಿದ್ದು ವಿದ್ಯಾರ್ಥಿಗಳ ಕೈಯಲ್ಲೇ. 2008ರಲ್ಲಿ ಅಮೆರಿಕದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಾಹಿತಿ ವಿಭಾಗದಲ್ಲಿ ನೇಟ್ ಅಗ್ರಿನ್, ಜೆಸ್ಸಿಕಾ ಕ್ಲೈನ್ ಮತ್ತು ಕೆನ್‌ಇಚಿ ಉಎಡ ಎಂಬ ಮೂವರು ಸ್ನಾತಕೋತ್ತರ ಪದವಿಯ ಕೊನೆಯ ಯೋಜನೆಯಾಗಿ ಇದನ್ನು ಕಟ್ಟಿದರು. 2014ರಲ್ಲಿ ಅದು ಕ್ಯಾಲಿಫೋರ್ನಿಯಾ ಅಕಾಡೆಮಿ ಆಫ್ ಸೈನ್ಸಸ್‌ನ ಆಶ್ರಯಕ್ಕೆ ಬಂತು, 2017ರಲ್ಲಿ ನ್ಯಾಶನಲ್ ಜಿಯೋಗ್ರಾಫಿಕ್ ಸೊಸೈಟಿಯೂ ಕೈಜೋಡಿಸಿತು, 2023ರಲ್ಲಿ ಲಾಭದ ಉದ್ದೇಶವಿಲ್ಲದ ಸ್ವತಂತ್ರ ಸಂಸ್ಥೆಯಾಯಿತು. ಬಳಸುವವರು ಹಣ ಕೊಡಬೇಕಾಗಿಲ್ಲ, ಜಾಹೀರಾತೂ ಇಲ್ಲ. ಬಳಕೆದಾರರು ಎಷ್ಟು ಹೊತ್ತು ಪರದೆಗೆ ಅಂಟಿಕೊಂಡಿರುತ್ತಾರೆ ಎಂಬುದರ ಮೇಲೆ ಆದಾಯ ನಿಂತಿಲ್ಲದ ಕಾರಣ, ಜನರನ್ನು ಹಿಡಿದಿಡುವ ತಂತ್ರಗಳು ಇದರ ವಿನ್ಯಾಸದಲ್ಲಿ ಕಡಿಮೆ. ಆ ವ್ಯತ್ಯಾಸ ಮೊದಲ ದಿನವೇ ಅನುಭವಕ್ಕೆ ಬರುತ್ತದೆ.

ಈ ಆ್ಯಪಿನಲ್ಲಿ ಎಲ್ಲದಕ್ಕೂ ಮೂಲಘಟಕವಾಗಿರುವುದು ‘ಅವಲೋಕನ’, ಅಂದರೆ ಒಬ್ಬ ವ್ಯಕ್ತಿ ಒಂದು ಜೀವಿಯನ್ನು ಒಂದು ಹೊತ್ತಿನಲ್ಲಿ ಒಂದು ಜಾಗದಲ್ಲಿ ಕಂಡ ದಾಖಲೆ. ಯಾರು, ಏನು, ಎಲ್ಲಿ, ಯಾವಾಗ ಎಂಬ ನಾಲ್ಕು ಸಂಗತಿಗಳು ಮತ್ತು ಸಾಕ್ಷ್ಯವಾಗಿ ಚಿತ್ರ ಅಥವಾ ಧ್ವನಿ ಇದ್ದರೆ ಸಾಕು. ಕಾಡಿನ ದಾರಿಯಲ್ಲಿ ನೆಟ್‌ವರ್ಕ್ ಇಲ್ಲದಿದ್ದರೂ ಫೋನಿನ ಜಿಪಿಎಸ್ ಕೆಲಸ ಮಾಡುವುದರಿಂದ ಸ್ಥಳ ಮತ್ತು ಸಮಯ ಚಿತ್ರದ ಜೊತೆಗೇ ಉಳಿಯುತ್ತವೆ. ಮನೆಗೆ ಬಂದು ಸಿಗ್ನಲ್ ಸಿಕ್ಕ ಮೇಲೆ ಕಳಿಸಿದರಾಯಿತು. ಆಗುಂಬೆ, ಕೊಡಚಾದ್ರಿ, ಶರಾವತಿ ಕಣಿವೆಯಂಥ ಜಾಗಗಳಲ್ಲಿ ಓಡಾಡುವವರಿಗೆ ಇದು ಸಣ್ಣ ಅನುಕೂಲವಲ್ಲ. ಸಿಗ್ನಲ್ ಇದ್ದಾಗಲಷ್ಟೇ ಕೆಲಸ ಮಾಡುವ ಆ್ಯಪ್ ಗಿಡಗಳು ನಿಜವಾಗಿ ಇರುವ ಜಾಗದಲ್ಲಿ ಉಪಯೋಗಕ್ಕೆ ಬರುವುದಿಲ್ಲ ಎಂಬುದನ್ನು ವಿದ್ಯಾರ್ಥಿಗಳು ಮೊದಲ ವಾರದಲ್ಲೇ ತಮ್ಮ ಟಿಪ್ಪಣಿಯಲ್ಲಿ ಬರೆದುಕೊಂಡರು.

ಚಿತ್ರ ಹಾಕಿದ ಕೂಡಲೇ ಕಂಪ್ಯೂಟರ್ ತನ್ನ ಊಹೆಯನ್ನು ಮುಂದಿಡುತ್ತದೆ. 2017ರಿಂದ ಇರುವ ಈ ಸೌಲಭ್ಯದಲ್ಲಿ ನನಗೆ ಮೆಚ್ಚುಗೆಯಾದದ್ದು ಅದರ ಜಾಣತನಕ್ಕಿಂತ ಅದರ ವಿನಯ. ನಿಖರವಾಗಿ ಪ್ರಭೇದ ಹೇಳಲು ಆಗದಿದ್ದರೆ ಅದು ಕುಲದ ಮಟ್ಟದಲ್ಲೋ ಕುಟುಂಬದ ಮಟ್ಟದಲ್ಲೋ ನಿಂತು, ಹತ್ತಿರದ ಕೆಲವು ಹೆಸರುಗಳನ್ನು ಪಟ್ಟಿಯಾಗಿ ಕೊಟ್ಟು, ಆಯ್ಕೆಯನ್ನು ನಮಗೆ ಬಿಡುತ್ತದೆ. ತಕ್ಷಣ ಒಂದೇ ಹೆಸರನ್ನು ಖಚಿತವಾಗಿ ಹೇಳಿಬಿಡುವ ಯಂತ್ರದ ಎದುರು ಸಂಭಾಷಣೆ ಅಲ್ಲಿಗೇ ಮುಗಿಯುತ್ತದೆ. ‘ಇಷ್ಟು ಗೊತ್ತು, ಮುಂದಿನದನ್ನು ತಿಳಿದವರು ಹೇಳಲಿ’ ಎನ್ನುವ ಯಂತ್ರದ ಎದುರು ಮಾತು ಆರಂಭವಾಗುತ್ತದೆ.

ಇದನ್ನು ಒಂದು ಉದಾಹರಣೆಯಿಂದ ಹೇಳಿದರೆ ಸ್ಪಷ್ಟವಾದೀತು. ಜುಲೈ ತಿಂಗಳಲ್ಲಿ ತೊರೆಯ ಬದಿಯ ಬಂಡೆಯ ಮೇಲೆ ಅರಳಿದ್ದ, ಕರ್ಣಕುಂಡಲದ ಜಾತಿಯ ಒಂದು ಪುಟ್ಟ ಗುಲಾಬಿ ಹೂವಿನ ಚಿತ್ರ ತೆಗೆದೆ. ಪಶ್ಚಿಮಘಟ್ಟದಲ್ಲಿ ಕರ್ಣಕುಂಡಲ ಸೇರಿರುವ ಇಂಪೇಶನ್ಸ್ ಕುಲದ ಪ್ರಭೇದಗಳು ಬಹಳ, ಇಲ್ಲಿ ಬಿಟ್ಟರೆ ಬೇರೆಲ್ಲೂ ಸಿಗದವೂ ಅವುಗಳಲ್ಲಿ ಸಾಕಷ್ಟಿವೆ. ಆ್ಯಪ್ ‘ಇಂಪೇಶನ್ಸ್’ ಎಂದಷ್ಟೇ ಹೇಳಿ ಸುಮ್ಮನಾಯಿತು. ನಾನೂ ಅಷ್ಟಕ್ಕೇ ಬಿಟ್ಟೆ. ಮೂರನೆಯ ದಿನ ಕೇರಳದ ಬಳಕೆದಾರರೊಬ್ಬರು ಚಿತ್ರದ ಕೆಳಗೆ ಒಂದು ಪ್ರಶ್ನೆ ಬರೆದಿದ್ದರು: ಹೂವಿನ ಹಿಂಬದಿಯಲ್ಲಿ ಬಾಲದಂತೆ ಇಳಿಯುವ ಕೊಳವೆ ಎಷ್ಟು ಉದ್ದವಿದೆ, ಪಕ್ಕದ ಪುಷ್ಪಪತ್ರಗಳು ಹೇಗಿವೆ, ಸಾಧ್ಯವಾದರೆ ಹೂವನ್ನು ಬದಿಯಿಂದಲೂ ಹಿಂದಿನಿಂದಲೂ ತೆಗೆದ ಚಿತ್ರ ಸೇರಿಸುವಿರಾ? ಮೂವತ್ತು ವರ್ಷ ತರಗತಿಯಲ್ಲಿ ಇದೇ ಹೂವಿನ ಭಾಗಗಳನ್ನು ಹಲಗೆಯ ಮೇಲೆ ಬರೆದು ತೋರಿಸಿದ ನಾನು, ಕಾಡಿನಲ್ಲಿ ನಿಂತಾಗ ಅದರ ಮುಖವನ್ನು ಮಾತ್ರ ನೋಡಿ ಬಂದಿದ್ದೆ. ಮರುದಿನ ಮಳೆಯಲ್ಲೇ ಮತ್ತೆ ಹೋಗಿ, ಹೂವನ್ನು ಕೀಳದೆ ಹಿಂದುಮುಂದು ಮಾಡಿ, ಎಲೆಯ ಅಡಿಭಾಗವನ್ನೂ ಕಾಂಡವನ್ನೂ ಸೇರಿಸಿ ಏಳು ಚಿತ್ರ ತೆಗೆದೆ. ಪ್ರಭೇದದ ಹೆಸರು ಆ ಸಂಜೆಯೇ ಬಂತು, ಜೊತೆಗೆ ಅದು ಹತ್ತಿರದ ಇನ್ನೊಂದರಿಂದ ಹೇಗೆ ಭಿನ್ನ ಎಂಬ ನಾಲ್ಕು ಸಾಲಿನ ವಿವರಣೆಯೂ ಬಂತು. ಕರ್ಣಕುಂಡಲದ ಹೂವುಗಳು ಬಹು ಮೃದುವಾದ್ದರಿಂದ ಒಣಗಿಸಿ ಒತ್ತಿಟ್ಟ ಹರ್ಬೇರಿಯಂ ಹಾಳೆಯಲ್ಲಿ ಆಕಾರ ಕಳೆದುಕೊಳ್ಳುತ್ತವೆ. ಜೀವಂತ ಗಿಡದ ಬಳಿ ತೆಗೆದ ಇಂಥ ಚಿತ್ರಗಳಿಗೆ ಅದರಿಂದಾಗಿಯೇ ಹೆಚ್ಚಿನ ಬೆಲೆ.

ಆ ಕೇರಳದವರ ಮುಖ ನಾನು ನೋಡಿಲ್ಲ, ಅವರ ವೃತ್ತಿ ಏನೆಂದು ಕೇಳಿಲ್ಲ. ಆದರೆ ಅಂದಿನಿಂದ ಇಂದಿನವರೆಗೆ ನಮ್ಮಿಬ್ಬರ ನಡುವೆ ಹತ್ತಾರು ಗಿಡಗಳು ಓಡಾಡಿವೆ. ಸಾಮಾಜಿಕ ಜಾಲ ಎಂಬ ಮಾತಿಗೆ ಏನಾದರೂ ಅರ್ಥವಿದ್ದರೆ ಅದು ಇದೇ ಎಂದು ನನಗೆ ಅನ್ನಿಸುತ್ತದೆ. ಇಲ್ಲಿ ಮನುಷ್ಯರು ಒಬ್ಬರನ್ನೊಬ್ಬರು ನೋಡುತ್ತ ಕುಳಿತಿಲ್ಲ, ಇಬ್ಬರೂ ಒಂದೇ ಗಿಡದ ಕಡೆಗೆ ನೋಡುತ್ತಿದ್ದಾರೆ. ಚಿತ್ರವನ್ನು ಮೆಚ್ಚಿದೆ ಎಂದು ನಕ್ಷತ್ರ ಒತ್ತುವ ಸೌಲಭ್ಯ ಇಲ್ಲಿಯೂ ಇದೆ, ಒಬ್ಬರನ್ನು ಹಿಂಬಾಲಿಸುವ ಗುಂಡಿಯೂ ಇದೆ. ಆದರೆ ಅವೆರಡೂ ಮೂಲೆಯಲ್ಲಿವೆ. ನಡುವೆ ಇರುವುದು ‘ಇದು ಏನು’ ಎಂಬ ಪ್ರಶ್ನೆ ಮತ್ತು ಅದಕ್ಕೆ ಬರುವ ಉತ್ತರ. ಪ್ರಶ್ನೆ ಕೇಳುವವರೂ ಉತ್ತರ ಹೇಳುವವರೂ ಸಮಾನವಾಗಿ ಗೌರವ ಪಡೆಯುವಂತೆ ಪುಟ ಜೋಡಿಸಲಾಗಿದೆ. ಹೊಸ ಆ್ಯಪ್ ಕಟ್ಟುವವರು ಕಲಿಯಬೇಕಾದ ಮೊದಲ ಪಾಠವಾಗಿ ನಾನು ಇದನ್ನೇ ಸೂಚಿಸುತ್ತೇನೆ.

ಗುರುತಿನ ವಿಷಯದಲ್ಲಿ ಭಿನ್ನಾಭಿಪ್ರಾಯ ಬಂದಾಗ ಆ್ಯಪ್ ಅನುಸರಿಸುವ ನಿಯಮವೂ ವಿವೇಕದ್ದು. ಕನಿಷ್ಠ ಇಬ್ಬರು ಗುರುತಿಸಿರಬೇಕು, ಮತ್ತು ಗುರುತಿಸಿದವರಲ್ಲಿ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಮಂದಿ ಪ್ರಭೇದದ ಮಟ್ಟದಲ್ಲಿ ಒಮ್ಮತಕ್ಕೆ ಬಂದಿರಬೇಕು. ಆಗ ಮಾತ್ರ, ದಿನಾಂಕ ಮತ್ತು ಸ್ಥಳವೂ ಸರಿಯಿದ್ದರೆ, ಆ ಅವಲೋಕನಕ್ಕೆ ‘ಸಂಶೋಧನಾ ದರ್ಜೆ’ ಸಿಗುತ್ತದೆ. ಚಿತ್ರ ತೆಗೆದವರು ಮುಕ್ತ ಪರವಾನಗಿ ಕೊಟ್ಟಿದ್ದರೆ ಆ ದಾಖಲೆ ಕೋಪನ್‌ಹೇಗನ್ನಿನಲ್ಲಿ ಕಾರ್ಯಾಲಯವಿರುವ ಜಾಗತಿಕ ಜೀವವೈವಿಧ್ಯ ಮಾಹಿತಿ ಸಂಸ್ಥೆ ಜಿಬಿಐಎಫ್‌ಗೆ ತಲುಪಿ, ಸಂಶೋಧಕರು ಬಳಸಬಹುದಾದ ಮಾಹಿತಿಯಾಗುತ್ತದೆ. ಪದವಿ, ಹುದ್ದೆಗಳಿಗೆ ಇಲ್ಲಿ ಹೆಚ್ಚಿನ ಮತವಿಲ್ಲ. ಪ್ರಾಧ್ಯಾಪಕರದ್ದೂ ಒಂದೇ ಮತ, ಹತ್ತನೇ ತರಗತಿಯ ಹುಡುಗಿಯದ್ದೂ ಒಂದೇ ಮತ. ಒಮ್ಮೊಮ್ಮೆ ತಿಳಿಯದವರಿಬ್ಬರು ಸೇರಿ ತಪ್ಪು ಹೆಸರನ್ನು ಸ್ಥಿರಗೊಳಿಸುವ ಅಪಾಯ ಇದರಲ್ಲಿ ಇದ್ದೇ ಇದೆ, ಅದರಲ್ಲೂ ಕಂಪ್ಯೂಟರ್ ಹೇಳಿದ್ದಕ್ಕೆ ಕಣ್ಣುಮುಚ್ಚಿ ‘ಒಪ್ಪುತ್ತೇನೆ’ ಎಂದು ಒತ್ತುವವರು ಇದ್ದಾಗ. ಆದರೂ ಆ ತಪ್ಪನ್ನು ಯಾರೇ ಆಗಲಿ, ಯಾವಾಗಲೇ ಆಗಲಿ ತಿದ್ದಲು ಬಾಗಿಲು ತೆರೆದಿರುವುದರಿಂದ, ನಿಯಮ ಒಟ್ಟಿನಲ್ಲಿ ಸರಿ ಎಂದೇ ನನ್ನ ತೀರ್ಮಾನ.

ಹೆಸರುಗಳ ಬಗ್ಗೆ ಒಂದು ಮಾತು. ಸಸ್ಯಗಳ ವೈಜ್ಞಾನಿಕ ಹೆಸರಿಗೆ ಐನ್ಯಾಚುರಲಿಸ್ಟ್ ಮುಖ್ಯವಾಗಿ ಲಂಡನ್ನಿನ ಕ್ಯೂ ಉದ್ಯಾನದವರು ನಿರ್ವಹಿಸುವ ‘ಪ್ಲಾಂಟ್ಸ್ ಆಫ್ ದಿ ವರ್ಲ್ಡ್ ಆನ್‌ಲೈನ್’ ಪಟ್ಟಿಯನ್ನು ಅನುಸರಿಸುತ್ತದೆ. ಹೆಸರು ಬದಲಾದರೆ ಎಲ್ಲರ ದಾಖಲೆಗಳಲ್ಲೂ ತಾನಾಗಿ ಬದಲಾಗುತ್ತದೆ. ನಮ್ಮ ಮನೆಯ ದೊಡ್ಡಪತ್ರೆಯನ್ನು ಒಂದು ಕಾಲದಲ್ಲಿ ಕೋಲಿಯಸ್ ಎಂದು ಕಲಿತೆ, ಆಮೇಲೆ ಪ್ಲೆಕ್ಟ್ರ್ಯಾಂಥಸ್ ಎಂದು ಕಲಿಸಿದೆ, 2019ರ ಪರಿಷ್ಕರಣೆಯ ನಂತರ ಅದು ಮತ್ತೆ ಕೋಲಿಯಸ್ ಆಯಿತು. ಕರಿಜಾಲಿಯು ಅಕೇಶಿಯಾ ಕುಲದಿಂದ ವ್ಯಾಚೆಲಿಯಾ ಕುಲಕ್ಕೆ ಹೋಯಿತು. ಇಂಥವನ್ನು ಪುಸ್ತಕದಲ್ಲಿ ಹುಡುಕಿ ತಿದ್ದಿಕೊಳ್ಳುವ ಶ್ರಮ ಇಲ್ಲಿ ಉಳಿಯುತ್ತದೆ.

ಕನ್ನಡದ ಹೆಸರುಗಳ ಕಥೆ ಬೇರೆ. ಬಳಕೆದಾರರೇ ತಮ್ಮ ಭಾಷೆಯ ಹೆಸರನ್ನು ಸೇರಿಸಬಹುದು ಎಂಬುದು ಈ ಆ್ಯಪಿನ ದೊಡ್ಡ ಔದಾರ್ಯ, ಆದರೆ ಕನ್ನಡಿಗರು ಅದನ್ನು ಇನ್ನಷ್ಟು ಬಳಸಿಕೊಳ್ಳಬೇಕಾಗಿದೆ. ಒಂದೆಲಗವನ್ನೇ ತೆಗೆದುಕೊಳ್ಳಿ. ನಮ್ಮಲ್ಲಿ ಅದು ಉರಗೆ, ಕರಾವಳಿಯ ತುಳುವರಿಗೆ ತಿಮರೆ, ಪೇಟೆಯ ಸೊಪ್ಪಿನ ಅಂಗಡಿಯಲ್ಲಿ ಬ್ರಾಹ್ಮಿ. ಅದೇ ಬ್ರಾಹ್ಮಿ ಎಂಬ ಹೆಸರನ್ನು ಗದ್ದೆಯ ಬದುವಿನ ನೀರುಬ್ರಾಹ್ಮಿಗೂ ಹೇಳುತ್ತಾರೆ. ಅದು ಬಕೋಪಾ ಕುಲದ ಬೇರೆಯೇ ಗಿಡ. ತಂಬುಳಿಗೆ ಯಾವುದು, ಔಷಧಿಗೆ ಯಾವುದು ಎಂಬ ಗೊಂದಲ ಮನೆಮನೆಯಲ್ಲೂ ಇದೆ. ಒಂದು ಹೆಸರಿಗೆ ಎರಡು ಗಿಡ, ಒಂದು ಗಿಡಕ್ಕೆ ನಾಲ್ಕು ಹೆಸರು ಇರುವ ನಾಡಿನಲ್ಲಿ, ಊರು ಊರಿನ ಹೆಸರನ್ನು ಆಯಾ ಊರಿನ ಜೊತೆಗೇ ದಾಖಲಿಸುವ ಅನುಕೂಲ ಇರಬೇಕು. ‘ಕನ್ನಡ ಹೆಸರು’ ಎಂಬ ಒಂದೇ ಖಾನೆ ಸಾಲದು. ಅದರಲ್ಲಿ ಸಾಗರದ ಉರಗೆ ಯಾವುದು, ಮೈಸೂರಿನ ಒಂದೆಲಗ ಯಾವುದು ಎಂದು ಬರೆಯಲು ಜಾಗ ಬೇಕು. ವಿದ್ಯಾರ್ಥಿಗಳ ಹೊಸ ನಕ್ಷೆಯಲ್ಲಿ ಇದಕ್ಕೆ ಒಂದು ಪುಟವನ್ನೇ ಕೊಟ್ಟಿದ್ದಾರೆ.

ಸ್ಥಳವನ್ನು ಮರೆಮಾಡುವ ವ್ಯವಸ್ಥೆಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಇದರ ಮಹತ್ವ ನನಗೆ ನಷ್ಟವೊಂದರ ಮೂಲಕ ತಿಳಿಯಿತು. ನಮ್ಮೂರಿನಿಂದ ಹೊರಗೆ ರಸ್ತೆಬದಿಯ ಹಳೆಯ ಹಲಸಿನ ಮರದ ಮೇಲೆ ಸೀತಾಳೆ ದಂಡೆ ಎಂಬ ಆರ್ಕಿಡ್ಡಿನ ದೊಡ್ಡದೊಂದು ಗುಂಪು ಇತ್ತು. ಮಳೆ ಹಿಡಿಯುವ ಹೊತ್ತಿಗೆ ನೇರಳೆ ಚುಕ್ಕೆಯ ಬಿಳಿ ಹೂಗೊಂಚಲುಗಳು ಇಳಿಬಿದ್ದಾಗ ಶಾಲೆಗೆ ಹೋಗುವ ಮಕ್ಕಳು ಅಲ್ಲಿ ನಿಂತು ನೋಡಿಯೇ ಮುಂದೆ ಹೋಗುತ್ತಿದ್ದರು. ಒಂದು ವರ್ಷ ನಾನು ಸಂತೋಷದಿಂದ ಅದರ ಚಿತ್ರವನ್ನು, ಮರ ಇರುವ ತಿರುವಿನ ವಿವರ ಸಮೇತ, ಹೂಪ್ರಿಯರ ಒಂದು ಮೊಬೈಲ್ ಗುಂಪಿನಲ್ಲಿ ಹಂಚಿಕೊಂಡೆ. ಎರಡು ವಾರದೊಳಗೆ ಯಾರೋ ಏಣಿ ಹಾಕಿ ಇಡೀ ಗುಂಪನ್ನು ಬೇರುಸಹಿತ ಕಿತ್ತೊಯ್ದಿದ್ದರು. ತೊಗಟೆಯ ಮೇಲೆ ಬೇರಿನ ಗುರುತುಗಳು ಮಾತ್ರ ಉಳಿದಿದ್ದವು. ಆರ್ಕಿಡ್ ಕುಟುಂಬದ ಸಸ್ಯಗಳು ಅಂತಾರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಸೈಟಿಸ್ ಪಟ್ಟಿಗಳಲ್ಲಿ ಇರುವುದು ಸುಮ್ಮನೆ ಅಲ್ಲ. ಗಿಡವನ್ನು ಪ್ರೀತಿಸುತ್ತೇನೆ ಎನ್ನುವವರ ಕೈಯಿಂದಲೇ ಅವುಗಳಿಗೆ ಅಪಾಯ ಬರುತ್ತದೆ ಎಂದು ಆ ದಿನ ಮರದ ಕೆಳಗೆ ನಿಂತು ಅರಿತುಕೊಂಡೆ.

ಐನ್ಯಾಚುರಲಿಸ್ಟಿನಲ್ಲಿ ಪ್ರತಿ ಅವಲೋಕನದ ಸ್ಥಳವನ್ನು ಮೂರು ಬಗೆಯಲ್ಲಿ ಇಡಬಹುದು: ಎಲ್ಲರಿಗೂ ಕಾಣುವಂತೆ, ಮಸುಕಾಗಿ, ಅಥವಾ ಪೂರ್ತಿ ಗುಟ್ಟಾಗಿ. ‘ಮಸುಕು’ ಆಯ್ದುಕೊಂಡರೆ ನಿಜವಾದ ಬಿಂದುವಿನ ಬದಲು ಸುಮಾರು 22 ಕಿಲೋಮೀಟರ್ ಉದ್ದಗಲದ ಚೌಕದೊಳಗಿನ ಯಾವುದೋ ಒಂದು ಬಿಂದು ಇತರರಿಗೆ ಕಾಣುತ್ತದೆ, ದಿನಾಂಕವೂ ತಿಂಗಳಿನ ಮಟ್ಟಕ್ಕೆ ನಿಲ್ಲುತ್ತದೆ. ಅಳಿವಿನ ಅಂಚಿನಲ್ಲಿವೆ ಎಂದು ಗುರುತಿಸಲಾದ ಪ್ರಭೇದಗಳಿಗೆ ಈ ಮಸುಕು ತಾನಾಗಿಯೇ ಬೀಳುತ್ತದೆ. 2022ರಲ್ಲಿ ಚಂದ್ರದ್ರೋಣ ಬೆಟ್ಟಸಾಲಿನಲ್ಲಿ ಕುರಿಂಜಿ ಅರಳಿದಾಗ ಅಲ್ಲಿಗೆ ಹರಿದ ಜನಪ್ರವಾಹವನ್ನು ಕಂಡವರಿಗೆ ಇಂಥ ಮಸುಕಿನ ಅಗತ್ಯವನ್ನು ವಿವರಿಸಬೇಕಾಗಿಲ್ಲ. ಇನ್ನೊಂದು ಮುಖವೂ ಇದಕ್ಕಿದೆ. ಹಿತ್ತಿಲಿನ ಗಿಡದ ಚಿತ್ರವೆಂದರೆ ಅದು ಮನೆಯ ವಿಳಾಸವೂ ಹೌದು. ಒಂಟಿಯಾಗಿರುವ ಹಿರಿಯರು, ಮನೆಯ ಹೆಣ್ಣುಮಕ್ಕಳು ಬಳಸುವ ಆ್ಯಪಿನಲ್ಲಿ ಮನೆಯ ಸುತ್ತಲಿನ ಸ್ಥಳ ಮೊದಲೇ ಮಸುಕಾಗಿರಬೇಕು. ಬೇಕೆಂದವರು ತೆರೆದುಕೊಳ್ಳುವಂತಿರಬೇಕೇ ಹೊರತು, ಬೇಡವೆನ್ನುವವರು ಹುಡುಕಿ ಮುಚ್ಚಿಕೊಳ್ಳುವಂತಿರಬಾರದು. ಈ ಕೊನೆಯ ಅಂಶದಲ್ಲಿ ಐನ್ಯಾಚುರಲಿಸ್ಟ್ ಆಯ್ಕೆಯನ್ನು ಬಳಕೆದಾರರಿಗೇ ಬಿಟ್ಟಿದೆ. ಕಾಡಿನಲ್ಲಿ ಅಡ್ಡಾಡುವವರಿಗಾಗಿ ಹುಟ್ಟಿದ ಆ್ಯಪಿಗೆ ಅದು ಸಹಜವೇ.

ಇಲ್ಲಿಂದ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ಅಕ್ಕ ಬೆಳೆಸಿದ ಡೇರೆಯ ಚಿತ್ರವನ್ನು ಐನ್ಯಾಚುರಲಿಸ್ಟಿಗೆ ಹಾಕಿದರೆ ‘ನೆಟ್ಟು ಬೆಳೆಸಿದ್ದು’ ಎಂದು ಗುರುತು ಹಾಕಬೇಕು. ಹಾಕಿದ ಕೂಡಲೇ ಆ ಅವಲೋಕನ ಸಂಶೋಧನೆಯ ಸಾಲಿನಿಂದ ಹೊರಬಿದ್ದು ‘ಸಾಮಾನ್ಯ’ ದರ್ಜೆಗೆ ಇಳಿಯುತ್ತದೆ. ಗುರುತಿಸುವ ಕೆಲಸ ಮಾಡುವವರ ಮುಂದೆ ಮೊದಲು ಬರುವುದು ‘ಗುರುತು ಬೇಕು’ ಎಂಬ ದರ್ಜೆಯ ಅವಲೋಕನಗಳಾದ್ದರಿಂದ, ಸಾಮಾನ್ಯ ದರ್ಜೆಯವು ಅವರ ಕಣ್ಣಿಗೆ ಬೀಳುವುದೇ ಅಪರೂಪ. ಇದಕ್ಕೆ ಒಳ್ಳೆಯ ಕಾರಣವಿದೆ. ಕಾಡುಗಿಡಗಳ ಹರವನ್ನು ತಿಳಿಯಲು ಹೊರಟ ಸಂಶೋಧಕರ ಭೂಪಟದಲ್ಲಿ ಕುಂಡದ ಗಿಡಗಳು ಸೇರಿದರೆ ಪ್ರಪಂಚದ ಎಲ್ಲ ಊರಿನಲ್ಲೂ ಎಲ್ಲ ಗಿಡವೂ ಇದ್ದಂತೆ ಕಾಣುತ್ತದೆ. ನಿಯಮ ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಅದರ ಫಲವಾಗಿ ನಮ್ಮ ನಾಡಿನಲ್ಲಿ ಗಿಡಗಳ ಬಗ್ಗೆ ಅತಿ ಹೆಚ್ಚು ಬಲ್ಲವರು, ಅಂದರೆ ಹಿತ್ತಿಲು ನೋಡಿಕೊಳ್ಳುವ ಹೆಂಗಸರು, ಹೊಸ್ತಿಲ ಹೊರಗೇ ನಿಲ್ಲುತ್ತಾರೆ. ಕಣ್ಣಿಲ್ಲದ ಡೇರೆ ಗಡ್ಡೆ ಎಷ್ಟು ದಪ್ಪವಿದ್ದರೂ ಚಿಗುರುವುದಿಲ್ಲ, ಕಾಂಡದ ಬುಡದ ಚೂರು ಅಂಟಿಕೊಂಡಿರುವಂತೆಯೇ ಬಿಡಿಸಬೇಕು ಎಂದು ನನಗೆ ಹೇಳಿಕೊಟ್ಟದ್ದು ಯಾವ ಪಠ್ಯವೂ ಅಲ್ಲ, ನನ್ನ ಅಕ್ಕ. ಗಡ್ಡೆಯನ್ನು ನೆರಳಲ್ಲಿ ಒಣಗಿಸಿ ಬೂದಿಯಲ್ಲೋ ಮರಳಲ್ಲೋ ಇಟ್ಟು ಮುಂದಿನ ಮಳೆಯವರೆಗೆ ಕಾಯುವ ತಾಳ್ಮೆಯೂ ಅವಳದೇ. ಆ ಜ್ಞಾನವನ್ನು ಕೇಳಿ ಪಡೆಯುವ ಪ್ರಶ್ನೆ ಈ ಆ್ಯಪಿನಲ್ಲಿ ಇಲ್ಲ.

ಇದೇ ಬಗೆಯ ಬೇರೆ ಸಾಧನಗಳಲ್ಲಾದರೂ ಇದಕ್ಕೆ ಜಾಗವಿದೆಯೇ ಎಂದು ನೋಡಿದೆವು. ಫ್ರಾನ್ಸಿನ ಸಂಶೋಧನಾ ಸಂಸ್ಥೆಗಳು ಸೇರಿ ಕಟ್ಟಿದ, 2013ರಲ್ಲಿ ಮೊಬೈಲಿಗೆ ಬಂದ ಪ್ಲಾಂಟ್‌ನೆಟ್ ಚಿತ್ರವು ಎಲೆಯದೋ ಹೂವಿನದೋ ಕಾಯಿಯದೋ ತೊಗಟೆಯದೋ ಎಂದು ಕೇಳಿಕೊಂಡು ಗುರುತಿಸುತ್ತದೆ. ಅದು ಕಲಿಯುವವರಿಗೆ ಬಹು ಉಪಯುಕ್ತ, ಆದರೆ ಮಾತುಕತೆ ಅದರ ಜೀವಾಳವಲ್ಲ. 2008ರ ಕೊನೆಯಲ್ಲಿ ಆರಂಭವಾದ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ನಮ್ಮ ನೆಲದ್ದೇ ಆದ ಪ್ರಯತ್ನ, ಅದರ ಒಲವೂ ಕಾಡಿನ ಜೀವಿಗಳ ಕಡೆಗೆ. ಮೈಸೂರು ಮೂಲದ ನೇಚರ್ ಕನ್ಸರ್ವೇಶನ್ ಫೌಂಡೇಶನ್ ನಡೆಸುವ ಸೀಸನ್‌ವಾಚ್ ನನಗೆ ತುಂಬ ಹಿಡಿಸಿತು. ಅದರಲ್ಲಿ ಒಂದು ಮರವನ್ನು ಆರಿಸಿಕೊಂಡು ವಾರವಾರವೂ ಅದರ ಚಿಗುರು, ಮೊಗ್ಗು, ಹೂ, ಕಾಯಿಗಳನ್ನು ನೋಡಿ ಬರೆಯಬೇಕು. ಐನ್ಯಾಚುರಲಿಸ್ಟಿನಲ್ಲಿ ಪ್ರತಿ ಭೇಟಿಯೂ ಬಿಡಿಬಿಡಿ, ನಿನ್ನೆಯ ಮರವೇ ಇಂದಿನದೂ ಎಂದು ತಿಳಿಸಲು ಸರಳ ದಾರಿಯಿಲ್ಲ. ಗಿಡದೊಂದಿಗಿನ ನಂಟು ಎಂದರೆ ಮತ್ತೆ ಮತ್ತೆ ಅದೇ ಗಿಡದ ಬಳಿಗೆ ಹೋಗುವುದು ತಾನೆ? ಹಿತ್ತಿಲಿನ ಆ್ಯಪಿಗೆ ಬೇಕಾದ ಗುಣ ಸೀಸನ್‌ವಾಚಿನಲ್ಲೇ ಹೆಚ್ಚು ಕಂಡಿತು.

ಹಾಗಾದರೆ ಹಿತ್ತಿಲಿನವರ ಆ್ಯಪ್ ಹೇಗಿರಬೇಕು? ನಮ್ಮ ವಿದ್ಯಾರ್ಥಿಗಳೊಡನೆ ಕೂತು ಚರ್ಚಿಸಿದ ಮೇಲೆ ನನ್ನ ಅಭಿಪ್ರಾಯ ಹೀಗೆ ಗಟ್ಟಿಯಾಗಿದೆ. ಐನ್ಯಾಚುರಲಿಸ್ಟ್ ‘ಇದು ಏನು’ ಎಂಬ ಪ್ರಶ್ನೆಯ ಸುತ್ತ ಕಟ್ಟಿದ ಮನೆಯಾದರೆ, ಹಿತ್ತಿಲಿನ ಆ್ಯಪ್ ‘ಇದು ಯಾರಿಂದ ಬಂತು’ ಎಂಬ ಪ್ರಶ್ನೆಯ ಸುತ್ತ ಕಟ್ಟಬೇಕಾದದ್ದು. ಪ್ರತಿ ಗಿಡಕ್ಕೂ ಕೊಟ್ಟವರ ಹೆಸರಿನ ಒಂದು ಖಾನೆ ಇರಬೇಕು. ಅಲ್ಲಿಂದ ಅದು ಯಾರಿಗೆ ಹೋಯಿತು ಎಂದು ವಂಶಾವಳಿಯಂತೆ ಬೆಳೆಯುತ್ತಾ ಹೋಗಬೇಕು. ಹೊಸನಗರದ ಅತ್ತಿಗೆಯ ಮನೆಯ ಕೆಂಪು ಡೇರೆ ಮಳೆ ಹೆಚ್ಚಾಗಿ ಕೊಳೆತುಹೋದ ವರ್ಷ, ಅದರ ಕುಡಿ ಇನ್ನೂ ಯಾರ ಅಂಗಳದಲ್ಲಿ ಬದುಕಿದೆ ಎಂದು ಆ ಪುಟ ನೋಡಿ ತಿಳಿಯುವಂತಾಗಬೇಕು. ನೀರು ಹಾಕಲು ನೆನಪಿಸುವ ಗಂಟೆ ನಮ್ಮಂಥವರಿಗೆ ಬೇಡ, ಮಳೆಯೇ ಆ ಕೆಲಸ ಮಾಡುತ್ತದೆ. ಬೇಕಾದದ್ದು ಮೇ ತಿಂಗಳ ಮೊದಲ ಮಳೆಗೆ ‘ಗಡ್ಡೆ ಇದೆ’, ಜೂನಿನಲ್ಲಿ ‘ದಾಸವಾಳದ ಕಡ್ಡಿ ಇದೆ’ ಎಂದು ಹೇಳಿಕೊಳ್ಳುವ ಋತುಮಾನದ ಹಲಗೆ. ಅಂತರವನ್ನು ಕಿಲೋಮೀಟರಿನಲ್ಲಿ ಅಳೆಯದೆ ಬಸ್ಸಿನ ದಾರಿಯಲ್ಲಿ ಅಳೆದರೆ ಇನ್ನೂ ಒಳ್ಳೆಯದು, ಏಕೆಂದರೆ ಗಿಡಗಳು ನಮ್ಮಲ್ಲಿ ಇಂದಿಗೂ ಕಂಡಕ್ಟರರ ಕೈಯಲ್ಲಿ ಊರಿಂದ ಊರಿಗೆ ಹೋಗುತ್ತವೆ.

ಮಾರಾಟದ ಅಂಗಡಿಯನ್ನು ಕೈಬಿಡಬೇಕೆಂದು ನಾನು ಒತ್ತಾಯಿಸಿದೆ. ಬೆಲೆ ಬಂದ ಕೂಡಲೇ ಕಾಡಿನ ಆರ್ಕಿಡ್ಡಿಗೂ ಬೆಲೆ ಬರುತ್ತದೆ. ಕೊಡುಕೊಳ್ಳುವಿಕೆಗೂ ಕೆಲವು ಕಾವಲು ಬೇಕು. ನೆಲ ಮುಚ್ಚಲು ಚೆಂದವೆಂದು ಹಂಚಿಕೊಳ್ಳುವ, ಹಳದಿ ಹೂವಿನ ಸ್ಫ್ಯಾಗ್ನೆಟಿಕೋಲಾ ಬಳ್ಳಿಯು ಉಷ್ಣವಲಯದ ಅಮೆರಿಕದಿಂದ ಬಂದು, ತುಂಡು ಬಿದ್ದಲ್ಲೆಲ್ಲ ಬೇರೂರಿ, ಪ್ರಪಂಚದ 100 ಅತಿ ಉಪದ್ರವಕಾರಿ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಲಂಟಾನಾ ಜೊತೆಗೆ ಸೇರಿದೆ. ಅಂಥ ಗಿಡವನ್ನು ಯಾರಾದರೂ ‘ಕೊಡುತ್ತೇನೆ’ ಎಂದು ಹಾಕಿದಾಗ ಆ್ಯಪ್ ಎಚ್ಚರಿಸಬೇಕು. 2008ರಲ್ಲಿ ತಮಿಳುನಾಡಿನಲ್ಲಿ ಕಾಣಿಸಿಕೊಂಡು ನಂತರ ನಮ್ಮ ರಾಜ್ಯಕ್ಕೂ ಹರಡಿದ ಪಪ್ಪಾಯಿ ಹಿಟ್ಟುತಿಗಣೆ ದಾಸವಾಳದ ಮೇಲೂ ಬದುಕುತ್ತದೆ. ಹಾಗಾಗಿ ಕಡ್ಡಿ ಕಳಿಸುವ ಮೊದಲು ಎಲೆಯ ಅಡಿಭಾಗದ ಒಂದು ಚಿತ್ರ ಹಾಕುವುದನ್ನು ಕಡ್ಡಾಯ ಮಾಡಿದರೆ ಪಡೆಯುವವರಿಗೂ ನೆಮ್ಮದಿ. ತಿನ್ನಬಹುದೇ ಎಂಬ ಪ್ರಶ್ನೆಗೆ ಮಾತ್ರ ಯಂತ್ರದಿಂದ ಉತ್ತರ ಬರಬಾರದು. ಹಬ್ಬಕ್ಕೆ ತರುವ ಗೌರಿ ಹೂವಿನ, ಅಂದರೆ ಅಗ್ನಿಶಿಖೆಯ ಗಡ್ಡೆಯಲ್ಲಿ ಕೊಲ್ಚಿಸಿನ್ ಎಂಬ ವಿಷವಿದೆ. ನೋಡಲು ಅದು ಯಾವುದೋ ಗೆಣಸಿನಂತೆಯೇ ಇರುತ್ತದೆ.

ಐನ್ಯಾಚುರಲಿಸ್ಟ್ ಬಗ್ಗೆ ಇಷ್ಟು ಹೇಳಿದ ಮೇಲೆ ಯಾರು ಅದನ್ನು ಬಳಸಬೇಕು ಎಂಬುದನ್ನೂ ಹೇಳಬೇಕು. ಬೇಲಿಯ ಸಾಲು, ಗದ್ದೆಯ ಬದು, ಕೆರೆಯ ಏರಿ, ಊರ ದೇವರಕಾಡು ಇವುಗಳ ನಡುವೆ ದಿನವೂ ಓಡಾಡುವ ಯಾರಿಗೇ ಆಗಲಿ ನಾನು ಇದನ್ನು ಮನಸಾರೆ ಶಿಫಾರಸು ಮಾಡುತ್ತೇನೆ. ಶಾಲಾ ಮಕ್ಕಳಿಗೆ ಅದೇ ಸಂಸ್ಥೆಯ ಸೀಕ್ ಎಂಬ ಆ್ಯಪ್ ವಾಸಿ. ಅದಕ್ಕೆ ಖಾತೆ ತೆರೆಯಬೇಕಾಗಿಲ್ಲ. ಬೆಂಗಳೂರಿನಂಥ ನಗರದಲ್ಲಿರುವವರು ಕಾಡಿಲ್ಲವೆಂದು ಹಿಂಜರಿಯಬೇಕಾಗಿಲ್ಲ, ಕಾಂಪೌಂಡಿನ ಬಿರುಕಿನಲ್ಲಿ ತಾನಾಗಿ ಹುಟ್ಟಿದ ತುಂಬೆಯೂ ಈ ಆ್ಯಪಿನ ದೃಷ್ಟಿಯಲ್ಲಿ ಕಾಡುಗಿಡವೇ. ಆರಂಭಿಸುವವರಿಗೆ ಅನುಭವದ ಒಂದೇ ಸಲಹೆ: ಹೂವಿನ ಮುಖದ ಒಂದು ಚಿತ್ರಕ್ಕೆ ತೃಪ್ತರಾಗದೆ ಬದಿ, ಹಿಂಬದಿ, ಎಲೆಯ ಎರಡೂ ಮೈ, ಕಾಂಡ ಮತ್ತು ಇಡೀ ಗಿಡ ಇವನ್ನೂ ತೆಗೆದು ಒಂದೇ ಅವಲೋಕನದಲ್ಲಿ ಸೇರಿಸಿ. ಉತ್ತರ ಬರುವುದು ಇದರ ಮೇಲೆಯೇ ನಿಂತಿದೆ.

ಅಕ್ಕನ ಡೇರೆಗಳನ್ನು ನಾನು ಈಗಲೂ ಅಲ್ಲಿಗೆ ಹಾಕುತ್ತೇನೆ, ದರ್ಜೆ ಸಾಮಾನ್ಯವೇ ಆಗಿರಲಿ ಎಂದು. ಟಿಪ್ಪಣಿಯ ಜಾಗದಲ್ಲಿ, ಯಾರೂ ಕೇಳದಿದ್ದರೂ, ಗಡ್ಡೆ ಯಾವ ಊರಿನ ಯಾವ ಸಂಬಂಧಿಕರಿಂದ ಬಂತು ಎಂದು ಕನ್ನಡದಲ್ಲೇ ಬರೆಯುತ್ತೇನೆ. ಕಳೆದ ಆಗಸ್ಟಿನಲ್ಲಿ ಅಂಥ ಒಂದು ಚಿತ್ರದ ಕೆಳಗೆ ಶಿರಸಿ ಕಡೆಯ ಬಳಕೆದಾರರೊಬ್ಬರು ಬರೆದಿದ್ದರು: ‘ಇದೇ ಬಣ್ಣದ್ದು ನಮ್ಮ ಅಮ್ಮನ ಕಾಲದಲ್ಲಿ ನಮ್ಮನೆಯಲ್ಲಿತ್ತು, ಎಲ್ಲ ಹಾಳಾಗಿ ಹೋಯಿತು. ಗಡ್ಡೆ ಉಳಿದರೆ ಒಂದು ಕೊಡಲು ನಿಮ್ಮ ಅಕ್ಕನವರನ್ನು ಕೇಳುವಿರಾ?’ ಅಕ್ಕನಿಗೆ ಓದಿ ಹೇಳಿದೆ. ದೀಪಾವಳಿ ಕಳೆದು ಗಿಡ ಒಣಗಿದ ಮೇಲೆ ಅವಳು ಕಣ್ಣಿರುವ ಮೂರು ಗಡ್ಡೆಗಳನ್ನು ಆರಿಸಿ, ಬೂದಿ ಸವರಿ, ಹಳೆಯ ಬಟ್ಟೆಯಲ್ಲಿ ಕಟ್ಟಿ ಶಿರಸಿಯ ಬಸ್ಸಿಗೆ ಕೊಟ್ಟು ಬಂದಳು.